ಸೋಲಾರ್ ಪ್ಲೇಟುಗಳಿಗೆ ಜಳಕ

ಮಾರ್ಚ್ 29

ಯೂನಿಟ್ 13.9. ಅಡಿವೆವ್ವ 93.

ಈ ಎರಡು ಅಂಕಿಗಳನ್ನು ಬರೆದಿಡಲೆಂದೇ ಹೊಸ ನೋಟುಬುಕ್ಕು ತೆಗೆದಿದ್ದೇನೆ. ಮೊದಲನೆಯದು ನಮ್ಮ ಮಾಳಿಗೆಯ ಮೇಲಿನ ಆರು ಸೋಲಾರ್ ಪ್ಲೇಟುಗಳು ಒಂದು ದಿನದಲ್ಲಿ ಹುಟ್ಟಿಸಿದ ಕರೆಂಟು. ಎರಡನೆಯದು ನನ್ನ ಹೆಂಡತಿಯ ರಕ್ತದಲ್ಲಿರುವ ಆಕ್ಸಿಜನ್, ಬೆರಳಿಗೆ ಸಿಕ್ಕಿಸುವ ಯಂತ್ರ ತೋರಿಸಿದಂತೆ. ಮೊದಲನೆಯದು ಇಳಿದರೆ ಎರಡನೆಯದೂ ಇಳಿಯುತ್ತದೆ.

ಅಡಿವೆವ್ವ ಸವಣೂರಿನ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದಳು. ಹತ್ತಿಯ ಧೂಳು ಅವಳ ಪುಪ್ಪುಸವನ್ನು ತಿಂದಿತು. ಕೆಲಸದವರಿಗೆ ಮೂಗಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆಯನ್ನಾದರೂ ಕೊಡಿ ಎಂದು ನಾನು ಮಾಲೀಕರಿಗೆ ಮೂರು ಸಲ ಬರೆದೆ: 1994, 1997, 2001. ನಕಲುಗಳು ಟ್ರಂಕಿನಲ್ಲಿವೆ. ಒಂದಕ್ಕೂ ಉತ್ತರ ಬರಲಿಲ್ಲ. ಈಗ ಅವಳು ಗಾಳಿಯಿಂದ ಆಕ್ಸಿಜನ್ ಸೋಸಿ ಕೊಡುವ ಯಂತ್ರದ ನಳಿಗೆಯನ್ನು ಮೂಗಿಗೆ ಹಾಕಿಕೊಂಡು ಹಗಲೂ ರಾತ್ರಿ ಬದುಕಬೇಕು. ನಮ್ಮ ಊರು ಹತ್ತಿಮತ್ತೂರಿಗೆ ಬರುವ ಲೈನ್ ಕರೆಂಟನ್ನು ನಂಬಿ ಯಾರೂ ಉಸಿರಾಡಲಾರರು. ಅದಕ್ಕೇ ಜನವರಿಯಲ್ಲಿ ಪ್ಲೇಟು, ಬ್ಯಾಟರಿ, ಇನ್ವರ್ಟರ್ ಹಾಕಿಸಿದೆ. ಇನ್ನು ಯಾರ ಬಾಗಿಲಿಗೂ ಹೋಗಿ ನಿಲ್ಲುವ ಪ್ರಸಂಗ ಬರಬಾರದು.

ಇವತ್ತಿನ ಪತ್ರಿಕೆಯಲ್ಲಿ ಯಾರದೋ ಭಾಷಣ: ನಮ್ಮ ಕಡೆ ಬಿಸಿಲು ಏರಿದಷ್ಟೂ ಸೌರ ವಿದ್ಯುತ್ ಏರುತ್ತದೆಯಂತೆ. ಶಿಗ್ಗಾಂವಿ, ಹಿರೇಕೆರೂರು, ಹಾನಗಲ್ಲು ಎಂದು ಮೂವತ್ತಾರು ವರ್ಷ ಗ್ರಂಥಾಲಯಗಳಲ್ಲಿ ಕೆಲಸ ಮಾಡಿದವನು ನಾನು. ಓದದೆ ಮಾತಾಡುವವರನ್ನು ಕಂಡರೆ ಮೈ ಉರಿಯುತ್ತದೆ. ಪ್ಲೇಟಿಗೆ ಬೇಕಾದದ್ದು ಬೆಳಕು, ಕಾವಲ್ಲ. ಇಪ್ಪತ್ತೈದು ಡಿಗ್ರಿ ದಾಟಿ ಅದರ ಮೈ ಕಾದಂತೆಲ್ಲ ಕರೆಂಟು ಕಡಿಮೆಯಾಗುತ್ತ ಹೋಗುತ್ತದೆ. ಮಧ್ಯಾಹ್ನ ಮಾಳಿಗೆ ಹತ್ತಿ ಮುಟ್ಟಿ ನೋಡಿದೆ. ಕೈ ಇಡಲಾಗಲಿಲ್ಲ.

ಏಪ್ರಿಲ್ 7

ಯೂನಿಟ್ 12.6. ಅಡಿವೆವ್ವ 92.

ಹೊರಗೆ ನಲವತ್ತು ಡಿಗ್ರಿ. ಅವಳ ಯಂತ್ರಕ್ಕೆ ದಿನಕ್ಕೆ ಎಂಟೂವರೆ ಯೂನಿಟ್ ಬೇಕು. ಇನ್ನೂ ನಾಲ್ಕು ಯೂನಿಟ್ ಮಿಗುತ್ತಿದೆ, ನಿಜ. ಆದರೆ ಏಪ್ರಿಲ್ ಮೊದಲ ವಾರವೇ ಹೀಗಾದರೆ ಮೇ ತಿಂಗಳಲ್ಲಿ ಏನು ಕಾದಿದೆಯೋ.

ಪ್ಲೇಟು ಹಾಕಿದ ಕಂಪನಿಯ ಹುಡುಗಿ ಬಂದಿದ್ದಳು. ತರನ್ನುಮ ಎಂದು ಹೆಸರು, ಸವಣೂರಿನವಳು, ಐಟಿಐ ಕಲಿತು ಈ ಕೆಲಸಕ್ಕೆ ಸೇರಿದ್ದಾಳೆ. ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು ಏಣಿ ಹತ್ತಿ ಎಲ್ಲ ನೋಡಿ ಇಳಿದಳು.

“ದೋಷ ಏನಿಲ್ರಿ ಕಾಕಾ. ಬಿಸಲಿಗೆ ಅವಕ್ಕೂ ದಣಿವಾಕ್ಕೈತಿ. ಮ್ಯಾಲೆ ಧೂಳ ಕುಂತೈತಿ. ವಾರಕ್ಕೊಮ್ಮೆ ಮುಂಜಾನೆ ತಂಪಿನ್ಯಾಗ ನೀರ್ ಹಾಕಿ ಮೆತ್ತನ ಬಟ್ಟಿಲೆ ಒರಸ್ರಿ. ಆದ್ರ ನೀರ್ ಯಾವ್ದು ಹಾಕ್ತೀರಿ?”

ನಮ್ಮ ಓಣಿಯ ಬೋರಿನದು ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ಈಗಿನವರಿಗೆ ಆ ಬೋರಿನ ಚರಿತ್ರೆ ಗೊತ್ತಿಲ್ಲವಲ್ಲ ಎಂದು ನಾನೇ ಮೊದಲು ಮಾಡಿದೆ. 1972ರ ಬರಗಾಲ. ಊರಲ್ಲಿ ಸಿಹಿನೀರು ಇದ್ದದ್ದು ಆಚಾರ್ಯರ ವಾಡೆಯ ಬಾವಿಯೊಂದರಲ್ಲೇ. ನಮ್ಮ ಓಣಿಯವರು ಹಗ್ಗ ಮುಟ್ಟುವಂತಿರಲಿಲ್ಲ. ನಮ್ಮವ್ವ ಕೊಡ ಕೆಳಗಿಟ್ಟು ದೂರ ನಿಲ್ಲುತ್ತಿದ್ದಳು. ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿಯಬೇಕು. ಕೊಡಕ್ಕೆ ಬಿದ್ದದ್ದಕ್ಕಿಂತ ನೆಲಕ್ಕೆ ಬಿದ್ದದ್ದು ಹೆಚ್ಚು. ನನಗೆ ಆಗ ಒಂಬತ್ತು ವರ್ಷ. ಈ ಬಾವಿಯ ನೀರು ಇನ್ನು ಮುಟ್ಟುವುದಿಲ್ಲ ಎಂದು ಅವತ್ತು ಅಂದುಕೊಂಡವನು ಇವತ್ತಿಗೂ ಮುಟ್ಟಿಲ್ಲ. 1988ರಲ್ಲಿ, ನನ್ನ ಹನ್ನೊಂದನೆಯ ಅರ್ಜಿಗೆ, ನಮ್ಮ ಓಣಿಗೆ ಬೋರು ಬಂತು. ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ತರನ್ನುಮಳಿಗೆ ಮುಂದಿನ ಮನೆಯ ಹೊತ್ತಾಗಿತ್ತು. ಸ್ಕೂಟಿ ಹತ್ತಿ ಹೋದಳು.

“ಆ ಹುಡುಗಿ ಏನೋ ಹೇಳೂದಿತ್ತು,” ಎಂದಳು ಅಡಿವೆವ್ವ. “ನೀವ ಬೋರ್ ಕೊರದ ಮುಗಸೂದ್ರಾಗ ಆಕಿ ಹ್ವಾದ್ಲು.”

ಏಪ್ರಿಲ್ 9

ಯೂನಿಟ್ 13.1. ಅಡಿವೆವ್ವ 93.

ಇವತ್ತು ಒಂದು ಪ್ರಯೋಗ ಮಾಡಿದೆ. ಮಧ್ಯಾಹ್ನ ಒಂದು ಗಂಟೆಗೆ ಇನ್ವರ್ಟರಿನ ಪರದೆಯಲ್ಲಿ 1,940 ವ್ಯಾಟ್. ಬೋರಿನ ಪೈಪು ಮಾಳಿಗೆಗೆ ಎಳೆದು ಆರೂ ಪ್ಲೇಟುಗಳ ಮೇಲೆ ನೀರು ಬಿಟ್ಟೆ. ಹಬೆ ಎದ್ದಿತು. ಹತ್ತೇ ನಿಮಿಷದಲ್ಲಿ 2,230. ಓದಿದ್ದು ಕಣ್ಣೆದುರಿಗೆ ನಿಜವಾಗುವುದನ್ನು ನೋಡಿ ಎಷ್ಟು ವರ್ಷಗಳಾಗಿದ್ದವೋ.

“ಆಕಿ ಮುಂಜಾನೆ ಅಂದಿದ್ಲು,” ಎಂದಳು ಅಡಿವೆವ್ವ.

“ಮುಂಜಾನೆ ಅವು ಕಾದಿರೂದಿಲ್ಲ. ತಂಪಿದ್ದದ್ದನ್ನ ತಂಪ ಮಾಡಿ ಏನ್ ಮಾಡೂದು?”

“ಹೌದ ಬಿಡ್ರಿ. ಪುಸ್ತಕಾ ಓದಿದವ್ರು ನೀವು. ಎತ್ತಿನ ಮೈ ತೊಳದಂಗ ತೊಳೀರಿ.”

ನಾಳೆಯಿಂದ ಇದೇ ಕ್ರಮ.

ಏಪ್ರಿಲ್ 23

ಯೂನಿಟ್ 11.2. ಅಡಿವೆವ್ವ 92.

ನಲವತ್ತೊಂದು ಡಿಗ್ರಿ. ಎರಡು ದಿನದಿಂದ ಕೆಂಪು ಧೂಳಿನ ಗಾಳಿ. ಜಳಕವನ್ನು ದಿನಕ್ಕೆ ಮೂರು ಸಲ ಮಾಡಿದ್ದೇನೆ: ಹನ್ನೊಂದು, ಒಂದು, ಮೂರು. ನೀರು ಬಿಟ್ಟಾಗ ಅಂಕಿ ಏರುತ್ತದೆ, ಅರ್ಧ ಗಂಟೆಯಲ್ಲಿ ಮತ್ತೆ ಇಳಿಯುತ್ತದೆ. ದಿನದ ಮೊತ್ತ ಮಾತ್ರ ಕಡಿಮೆಯಾಗುತ್ತಲೇ ಇದೆ. ಎಲ್ಲಿ ಸೋರುತ್ತಿದೆ ಎಂದು ತಿಳಿಯುತ್ತಿಲ್ಲ.

ಇನ್ವರ್ಟರೂ ಕಾದು ಕೆಂಡವಾಗಿದೆ. ಮನೆಯಲ್ಲಿರುವ ಒಂದೇ ಟೇಬಲ್ ಫ್ಯಾನನ್ನು ಅದರ ಕಡೆಗೆ ತಿರುಗಿಸಿದೆ.

“ಗಾಳಿ ಸವತಿಗೆ ಹ್ವಾತು,” ಎಂದಳು ಅಡಿವೆವ್ವ, ಸೆರಗಿನಿಂದ ಬೀಸಿಕೊಳ್ಳುತ್ತ.

ನಕ್ಕೆ. ಆದರೆ ಅವಳು ಅಷ್ಟೇ ಮಾತಾಡಲು ಮೂರು ಸಲ ನಿಂತು ಉಸಿರು ತೆಗೆದುಕೊಂಡಳು. ಮೊದಲು ಒಂದು ಸಲ ನಿಲ್ಲುತ್ತಿದ್ದಳು.

ಮೇ 2

ಯೂನಿಟ್ 9.7. ಅಡಿವೆವ್ವ 91.

ನಿನ್ನೆ ಬ್ಯಾಟರಿ ಅರ್ಧವೂ ತುಂಬದಿರುವಾಗಲೇ ಲೈನು ಹೋಗಿ ಹದಿನಾಲ್ಕು ತಾಸು ಬರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಟರಿಯಲ್ಲಿ ನೂರಕ್ಕೆ ಹದಿನೆಂಟು ಮಾತ್ರ ಉಳಿದಿತ್ತು. ಸೂರ್ಯ ಮೂಡಲು ತಡವಾದರೆ ಏನು ಗತಿ ಎಂಬ ಭಯ ನನಗೆ ಅರವತ್ತೆರಡು ವರ್ಷದಲ್ಲಿ ಎಂದೂ ಆಗಿರಲಿಲ್ಲ. ಅಂಗಳದಲ್ಲಿ ನಿಂತು ಮೂಡಲ ದಿಕ್ಕನ್ನೇ ನೋಡುತ್ತಿದ್ದೆ.

ಕುಳಿತು ಯೋಚಿಸಿದೆ. ಕಾವಿನಿಂದ ಆಗುವ ನಷ್ಟ ಹೆಚ್ಚೆಂದರೆ ಆರರಲ್ಲಿ ಒಂದು ಪಾಲು. ಧೂಳು ನಾನು ತೊಳೆಯುತ್ತಿದ್ದೇನೆ. ಉಳಿದ ನಷ್ಟಕ್ಕೆ ಕಾರಣ ಒಂದೇ. ಕಂಪನಿ ನಮಗೆ ಕಳಪೆ ಪ್ಲೇಟು ಕೊಟ್ಟಿದೆ, ಆ ಹುಡುಗಿಗೆ ಅದು ಗೊತ್ತಿದ್ದೂ ‘ದೋಷ ಏನಿಲ್ಲ’ ಎಂದಿದ್ದಾಳೆ. ನಮ್ಮ ಓಣಿಗೆ ಬರುವುದು ಯಾವಾಗಲೂ ಹೀಗೆಯೇ: ಬೇರೆಯವರು ಬೇಡವೆಂದದ್ದು, ಕೊನೆಯದು, ಒಡಕು. ನಾಲ್ಕು ಪುಟದ ಪತ್ರ ಬರೆದು ಹುಬ್ಬಳ್ಳಿಯ ಕಚೇರಿಗೆ ಕಳಿಸಿದೆ. ತರನ್ನುಮಳ ಹೆಸರನ್ನೂ ಬರೆದೆ.

ಮೇ 5

ಯೂನಿಟ್ 9.3. ಅಡಿವೆವ್ವ 91.

ತರನ್ನುಮ ಬಂದಳು. ಹೊಸ್ತಿಲಲ್ಲೇ ತಡೆದೆ.

“ಕಾಕಾ, ಒಂದ ಸಲ ಮ್ಯಾಲೆ ಹತ್ತಿ ನೋಡ್ತೇನ್ರಿ. ಐದ ನಿಮಿಷ.”

“ಏಪ್ರಿಲ್‌ನ್ಯಾಗ ನೋಡಿದ್ದೆಲ್ಲವಾ. ಕಂಪನಿ ಬಾಯಿ ಆಗಿ ಬಂದಿದ್ರ ಹಂಗ ಹೋಗು. ದೊಡ್ಡ ಇಂಜಿನಿಯರ್ ಬರಲಿ.”

“ದೊಡ್ಡವ್ರು ಏಣಿ ಹತ್ತೂದಿಲ್ರಿ,” ಎಂದಳು. ನನ್ನ ಭುಜದ ಮೇಲಿಂದ ಏಣಿಯ ಕಡೆ ನೋಡಿದಳು. ನಾನು ಬಾಗಿಲಿನಿಂದ ಸರಿಯಲಿಲ್ಲ.

ಮೇ 8

ಯೂನಿಟ್ 8.8. ಅಡಿವೆವ್ವ 90.

ಕಂಪನಿಯಿಂದ ಫೋನು. ನಿಮ್ಮ ದೂರಿನ ಮೇಲೆ ಆ ಹುಡುಗಿಯನ್ನು ಕೆಲಸದಿಂದ ನಿಲ್ಲಿಸಿದ್ದೇವೆ, ಮುಂದಿನ ತಿಂಗಳು ಬೇರೆಯವರನ್ನು ಕಳಿಸುತ್ತೇವೆ ಎಂದರು. ಬದುಕಿನಲ್ಲಿ ಮೊದಲ ಸಲ ನನ್ನ ಒಂದು ಪತ್ರಕ್ಕೆ ಆರು ದಿನದಲ್ಲಿ ಉತ್ತರ ಬಂತು. ಸಮಾಧಾನವಾಗಬೇಕಿತ್ತು.

ಅಡಿವೆವ್ವ ಇಡೀ ದಿನ ನನ್ನ ಜೊತೆ ಮಾತಾಡಲಿಲ್ಲ. ಉಸಿರು ಉಳಿಸಿಕೊಳ್ಳಲೆಂದು ಇರಬೇಕು.

ಮೇ 10

ಸಂಜೆ ನಾಲ್ಕಕ್ಕೆ ಆಕಾಶ ಸಾಣೆಕಲ್ಲಿನ ಬಣ್ಣಕ್ಕೆ ತಿರುಗಿತು. ಆಮೇಲೆ ಗಾಳಿ. ಪ್ಲೇಟುಗಳ ಕೆಳಗಿನ ಕಬ್ಬಿಣದ ಚೌಕಟ್ಟು ಮಾಳಿಗೆಯನ್ನೇ ಕಿತ್ತುಕೊಂಡು ಹೋಗುತ್ತದೇನೋ ಎಂಬಂತೆ ಕಿರುಗುಟ್ಟಿತು. ಆಮೇಲೆ ಆಲಿಕಲ್ಲು, ಲಿಂಬೆಹಣ್ಣಿನ ಗಾತ್ರದ್ದು. ತಲೆಯ ಮೇಲೆ ಒಂದೊಂದೇ ಬೀಳುವ ಸದ್ದನ್ನು ಇಬ್ಬರೂ ಕೂತು ಕೇಳಿದೆವು. ಅಡಿವೆವ್ವ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಗಾಜು ಒಡೆದ ಸದ್ದು ಒಂದೇ ಸಲ ಬಂತು.

ಲೈನು ಹೋಗಿದೆ. ಪುಣ್ಯಕ್ಕೆ ಬ್ಯಾಟರಿ ತುಂಬಿದೆ.

ಮೇ 11

ಯೂನಿಟ್ 4.6. ಅಡಿವೆವ್ವ 90.

ಸವಣೂರಿನ ರಸ್ತೆಯಲ್ಲಿ ಎರಡು ಬೇವಿನ ಮರ, ಏಳು ಕಂಬ ಬಿದ್ದಿವೆಯಂತೆ. ಕರೆಂಟು ಬರಲು ಐದು ದಿನವಾದರೂ ಬೇಕು. ಆಂಬುಲೆನ್ಸಿಗೆ ಕೇಳಿದೆ. ಮರ ಕಡಿಯುವವರೆಗೆ ಈ ಕಡೆ ಬರಲು ದಾರಿಯಿಲ್ಲ. ಹೊಲದ ದಾರಿಯಲ್ಲಿ ಬೈಕು ಬರಬಹುದು, ಆದರೆ ಬೈಕಿನ ಮೇಲೆ ಅವಳನ್ನು, ಆ ಯಂತ್ರವನ್ನು ಹೇಗೆ ಒಯ್ಯುವುದು? ಹಾನಗಲ್ಲಿನ ಕಡೆ ಮಾವೆಲ್ಲ ನೆಲಕ್ಕೆ ಬಿದ್ದಿದೆ ಎಂದು ಯಾರೋ ಮರುಗುತ್ತಿದ್ದರು. ಮಾವಿನ ಮಾತು ನನ್ನ ತಲೆಗೇ ಹತ್ತಲಿಲ್ಲ.

ಆರನೆಯ ಪ್ಲೇಟು ಒಡೆದಿದೆ. ಗಾಜು ಚದುರಿಲ್ಲ, ಜೇಡನ ಬಲೆಯಂತೆ ಬಿರಿದಿದೆ. ಇಡೀ ದಿನ ಮೋಡ. ಕಂಪನಿಗೆ ಹದಿಮೂರು ಸಲ ಫೋನು ಮಾಡಿದೆ. ಎಲ್ಲ ಕಡೆ ಹಾನಿಯಾಗಿದೆ, ಸರದಿಯ ಪ್ರಕಾರ ಬರುತ್ತೇವೆ ಎಂದರು.

ಮೇ 12

ಇವತ್ತು ಬುದ್ಧ ಪೂರ್ಣಿಮೆ. ಆಕ್ಸಿಜನ್ ಇರುವ ಕೋಣೆಯಲ್ಲಿ ದೀಪ ಹಚ್ಚಬಾರದು. ಬುದ್ಧನ ಪಟದ ಮುಂದೆ ಒಂದು ಮಲ್ಲಿಗೆ ಇಟ್ಟು ಕೈಮುಗಿದೆವು.

ಮೋಡ. ಯೂನಿಟ್ 4.1. ಮೇಲೆ ನಾಲ್ಕು ಹುಟ್ಟಿದರೆ ಕೆಳಗೆ ಎಂಟೂವರೆ ಖರ್ಚು. ಈ ಲೆಕ್ಕವನ್ನು ಎಷ್ಟು ಸಲ ಮಾಡಿದರೂ ಉತ್ತರ ಒಂದೇ.

ಮಧ್ಯಾಹ್ನ ಹಿತ್ತಲಿನಿಂದ ಒಳಗೆ ಬಂದರೆ ಮನೆ ಸುಮ್ಮನಿತ್ತು. ಯಂತ್ರದ ಸದ್ದಿಲ್ಲ. ಓಡಿ ಹೋದೆ. ಅಡಿವೆವ್ವ ಗೋಡೆಗೆ ಒರಗಿ ಕೂತಿದ್ದಳು, ತುಟಿ ನೀಲಿಯಾಗಿತ್ತು. ಬೆರಳಿಗೆ ಸಿಕ್ಕಿಸಿದೆ: 82. ಯಂತ್ರವನ್ನು ಅವಳೇ ಬಂದ್ ಮಾಡಿದ್ದಳು.

“ರಾತ್ರಿಗಿರಲಿ ಅಂತ ಒಂದ ತಾಸ… ತಡದ ನೋಡಿದೆ,” ಎಂದಳು. “ಬೈಬ್ಯಾಡ್ರಿ. ಬೈಸ್ಕೊಳ್ಳಾಕೂ ಉಸರ ಬೇಕು.”

ಬೈಯಲಿಲ್ಲ. ಯಂತ್ರದ ಗುಂಡಿ ಒತ್ತುವಾಗ ಎರಡು ಸಲ ತಪ್ಪಿತು.

ಮೇ 13, ಬೆಳಿಗ್ಗೆ ಒಂಬತ್ತೂವರೆ

ಬಿಸಿಲು ಬಂದಿದೆ. ಮಳೆಗೆ ತೊಳೆದ ಆಕಾಶ, ಕಣ್ಣು ಕುಕ್ಕುವಂಥ ಬೆಳಕು, ಗಾಳಿ ತಂಪು. ಪುಸ್ತಕದ ಪ್ರಕಾರ ಪ್ಲೇಟಿಗೆ ಇದಕ್ಕಿಂತ ಒಳ್ಳೆಯ ದಿನವಿಲ್ಲ. ಪರದೆಯಲ್ಲಿ 610 ವ್ಯಾಟ್. ಇಷ್ಟು ಹೊತ್ತಿಗೆ ಸಾವಿರದ ಐನೂರು ಇರಬೇಕಿತ್ತು. ಬ್ಯಾಟರಿ 31. ಮಧ್ಯಾಹ್ನದ ಮೇಲೆ ಮತ್ತೆ ಮೋಡ ಎನ್ನುತ್ತಿದ್ದಾರೆ.

ನನಗೆ ಏನೂ ತಿಳಿಯುತ್ತಿಲ್ಲ. ಓದಿದ್ದೆಲ್ಲ ಮುಗಿಯಿತು.

ತರನ್ನುಮಳ ನಂಬರು ನನ್ನ ಹತ್ತಿರ ಇರಲಿಲ್ಲ. ಅಡಿವೆವ್ವನ ಫೋನಿನಲ್ಲಿತ್ತು. ವಾರಕ್ಕೆರಡು ಸಲ ಇಬ್ಬರೂ ಮಾತಾಡುತ್ತಿದ್ದರಂತೆ, ಮನೆಯ ಸುದ್ದಿ, ಉಸಿರಿನ ಸುದ್ದಿ, ಪ್ಲೇಟಿನದೊಂದನ್ನು ಬಿಟ್ಟು. “ನೀವ ಬಂದಾಗ ಮಾತ್ರ ನಿಲ್ಲಿಸ್ತಿದ್ವಿ,” ಎಂದಳು. ಅವಳೇ ಹಚ್ಚಿ ನನ್ನ ಕಿವಿಗೆ ಹಿಡಿದಳು. ನಾನು ಏನು ಹೇಳಿದೆನೋ ನೆನಪಿಲ್ಲ. ಆ ಕಡೆಯಿಂದ “ಬರ್ತೇನ್ರಿ” ಎಂದಷ್ಟೇ ಕೇಳಿಸಿತು.

ಮೇ 14

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ತರನ್ನುಮ ಹತ್ತೂವರೆಗೆ ಬಂದಳು, ಹೊಲದ ದಾರಿಯಿಂದ, ಮೊಣಕಾಲತನಕ ಎರೆಮಣ್ಣು. ಪತ್ರದ ಮಾತು ಎತ್ತಲಿಲ್ಲ. ನೇರವಾಗಿ ಏಣಿ ಹತ್ತಿದಳು, ನನ್ನನ್ನೂ ಕರೆದಳು. ಒಂದು ಪ್ಲೇಟಿನ ಮೇಲೆ ಉಗುರಿನಿಂದ ಗೀರಿದಳು. ಬಿಳಿ ಹಿಟ್ಟು ಎದ್ದು ಬಂತು.

“ಇದೇನ್ರಿ ಕಾಕಾ? ಸುಣ್ಣಾ ಬಳದಂಗ ಆಗೈತಿ.”

“ಆಲಿಕಲ್ಲಿಂದ ಇರಬೇಕು.”

“ಆಲಿಕಲ್ಲಿಗೆ ಸುಣ್ಣ ಎಲ್ಲಿಂದ ಬರತೈತ್ರಿ? ಬೋರಿನ ನೀರ್ ಹಾಕೀರೇನು?”

“ಇಲ್ಲ,” ಎಂದೆ.

ಕೆಳಗಿನಿಂದ ಅಡಿವೆವ್ವನ ದನಿ ಬಂತು, ತಡೆದು ತಡೆದು. “ತರನ್ನುಮ… ಸುಳ್ಳ ಹೇಳಾಕತ್ತಾರ. ದಿನಕ್ಕ ಮೂರ ಸಲ… ಜಳಕಾ ಮಾಡಿಸ್ಯಾರ ಅವಕ್ಕ. ನನಗ ಒಂದ ದಿನಾ… ಹಂಗ ಮಾಡಿಸಿಲ್ಲ.”

ತರನ್ನುಮ ಮುಖ ಆಚೆ ತಿರುಗಿಸಿದಳು. ನಗುತ್ತಿದ್ದಳು ಎಂದು ಕಾಣುತ್ತದೆ. ಆಮೇಲೆ ಮೆಲ್ಲಗೆ ಹೇಳಿದಳು: “ನಿಮ್ಮ ಬೋರಿನ ನೀರ್ ಗಡಸ ಅದಾವ್ರಿ. ಕಾದ ಗಾಜಿನ ಮ್ಯಾಲೆ ಬಿದ್ರ ನೀರ್ ಹಾರಿ ಹೊಕ್ಕಾವು, ಸುಣ್ಣ ಉಳೀತೈತಿ. ಒಂದ ತಿಂಗಳದಾಗ ಪದರಿನ ಮ್ಯಾಲೆ ಪದರ. ಬೆಳಕ ಒಳಗ ಹೋಗೂದ ಹೆಂಗ? ಅವತ್ತ ಅದನ್ನ ಹೇಳಾಕಂತ ಬಾಯಿ ತಗದಿದ್ನಿ.”

ನಾನು ಕಳಪೆ ಎಂದು ಬರೆದದ್ದು, ನಾಲ್ಕು ಪುಟ, ಎಲ್ಲವೂ ನಾನೇ ನನ್ನ ಕೈಯಿಂದ ದಿನಕ್ಕೆ ಮೂರು ಸಲ ಬಳಿದ ಸುಣ್ಣ.

ಒಡೆದ ಪ್ಲೇಟು ಸಾಲಿನ ಉಳಿದವುಗಳನ್ನೂ ಕುಗ್ಗಿಸುತ್ತಿತ್ತು. ಅರ್ಧ ತಾಸು ಪ್ಲೇಟುಗಳ ಕರೆಂಟು ಬಂದ್ ಮಾಡಿ, ಅದನ್ನು ಬಿಡಿಸಿ ಐದನ್ನೇ ಜೋಡಿಸಿದಳು. ಸುಣ್ಣ ಬಿಡಿಸಲು ಲಿಂಬೆಹಣ್ಣಿನ ರಸ ಸಾಕು ಎಂದಳು. ಅದು ಅಂಗಡಿಯಲ್ಲಿ ಸಿಕ್ಕಿತು. ಆದರೆ ತೊಳೆಯಲು ಸಿಹಿನೀರೇ ಬೇಕು, ಬೋರಿನದು ಹಾಕಿದರೆ ಮತ್ತೆ ಅದೇ. ಶುದ್ಧ ನೀರಿನ ಘಟಕ ಕರೆಂಟಿಲ್ಲದೆ ಮುಚ್ಚಿದೆ. ನಲ್ಲಿ ಬಂದು ನಾಲ್ಕು ದಿನವಾಗಿದೆ. ಮಳೆಗೆ ತುಂಬಿದ ಬಾನಿಯಲ್ಲಿ ಅರ್ಧ ಕೆಸರು.

“ಊರಾಗ ಸೀನೀರಿನ ಬಾವಿ ಇಲ್ಲೇನ್ರಿ?”

ನಾನು ಏಣಿ ಹಿಡಿದೆ. ಕೆಳಗಿಳಿದು ಬಂದಾಗ ಅಡಿವೆವ್ವ ನನ್ನ ಮುಖ ನೋಡಿದಳು. ಅವಳಿಗೆ ಕೇಳಿಸಿತ್ತು.

“ನೀವ ಹೋಗಬ್ಯಾಡ್ರಿ. ಆಕಿ ತರತಾಳ.”

ಬ್ಯಾಟರಿ 26. ಹನ್ನೊಂದೂ ಕಾಲು. ತರನ್ನುಮ ಮೇಲೆ ಇರಬೇಕು, ತಿಕ್ಕುವುದು ಅವಳಿಗೇ ಗೊತ್ತು. ಎರಡು ಕೊಡ ತೆಗೆದುಕೊಂಡು ಹೊರಟೆ.

ಐವತ್ತಮೂರು ವರ್ಷದ ಮೇಲೆ ಆ ವಾಡೆಯ ಬಾಗಿಲು ದಾಟಿದೆ. ಬಾವಿಯ ಸುತ್ತ ಅರ್ಧ ಊರೇ ಇತ್ತು. ನಮ್ಮ ಓಣಿಯ ಮೈಲಾರಿಯ ಸೊಸೆ ಪೂಜಾ ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ತವರಿನವರ ಜೊತೆ ಮಾತಾಡುತ್ತ, ನೀರು ಸೇದುತ್ತಿದ್ದಳು. ಅವಳಿಗೆ ಅದು ಬರೀ ಬಾವಿ. ಎಷ್ಟು ವರ್ಷದಿಂದ ಹೀಗಿದೆಯೋ. ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ವಾಡೆಯ ಧೀರೇಂದ್ರ ಆಚಾರ್ಯ ಹೊರಗೆ ಬಂದ. ಸವಣೂರಿನಲ್ಲಿ ವಕೀಲ, ನಲವತ್ತರ ಆಸುಪಾಸಿನವನು. ಆ ಕಾಲದಲ್ಲಿ ಹುಟ್ಟಿಯೂ ಇರಲಿಲ್ಲ.

“ಬರ್ರಿ ಬರ್ರಿ, ಪರಮೇಶಪ್ಪನವರ. ನಮ್ಮ ಮನೀಗೆ ನೀವು ಬರೂದಂದ್ರ! ಏನಾಗಬೇಕಿತ್ತು?”

“ನೀರು.”

“ಅದನ್ನೇನ್ ಕೇಳೂದ್ರಿ? ಕೊಡ ಅಲ್ಲೇ ಕೆಳಗ ಇಡ್ರಿ. ನೀವು ಬಗ್ಗಬ್ಯಾಡ್ರಿ, ನಾ ಸುರೀತೇನಿ.”

ತುಂಬಿದ ಬಕೆಟ್ಟನ್ನು ಎದೆಮಟ್ಟಕ್ಕೆ ಎತ್ತಿದ. ನನ್ನ ಕೊಡ ನೆಲದ ಮೇಲೆ, ಅವನ ಕೈ ಮೇಲೆ. ಅವನ ಮುಖದಲ್ಲಿ ಹಿರಿಯರಿಗೆ ನೆರವಾಗುವ ಮರ್ಯಾದೆ ಬಿಟ್ಟರೆ ಬೇರೇನೂ ಇರಲಿಲ್ಲ. ಕೊಡವನ್ನು ನೆಲದಿಂದ ಎತ್ತಿಕೊಂಡೆ.

“ಹಗ್ಗಾ ನನ್ನ ಕೈಯಾಗ ಕೊಡ್ರಿ.”

“ಯಾಕ್ರಿ, ನಾ ಇರಲಿಕ್ಕೆ…”

“ಕೊಡ್ರಿ.”

ಅವನು ನನ್ನ ಮುಖವನ್ನೇ ನೋಡಿದ. ಬಕೆಟ್ಟು ಇಳಿಸಿ ಹಗ್ಗ ಕೊಟ್ಟ. ಇಲ್ಲಿ ಹೇಳಬೇಕಾದ ಮಾತುಗಳನ್ನು ನಾನು ಹಿರೇಕೆರೂರಿನ ಬಸ್ಸುಗಳಲ್ಲಿ, ಗ್ರಂಥಾಲಯದ ಖಾಲಿ ಮಧ್ಯಾಹ್ನಗಳಲ್ಲಿ, ವರ್ಷ, ಹೆಸರು, ಸಾಕ್ಷಿ ಸಮೇತ ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಹೇಳಲು ಹೊತ್ತಿರಲಿಲ್ಲ. ಸೇದುತ್ತ ಹೇಳಿದ್ದು ಇಷ್ಟೇ: “ತಪ್ಪ ನಂದ. ಗಡಸ ನೀರ್ ಹಾಕಿ ಸೋಲಾರ್ ಕೆಡಿಸೇನಿ. ಮನ್ಯಾಗ ಆಕಿಗೆ ಉಸರ ಸಾಲವಲ್ದು. ಇಪ್ಪತ್ತ ಕೊಡ ಬೇಕು.”

ಪೂಜಾ ಫೋನು ಇಟ್ಟಳು. ಧೀರೇಂದ್ರ ತನ್ನ ಮನೆಯ ಎರಡು ಕೊಡ ತಂದ. ಮೂವರೂ ಹೊತ್ತೆವು.

ಮೇಲೆ ತರನ್ನುಮ ತಿಕ್ಕುವುದು, ನಾನು ಸುರಿಯುವುದು. ಕೆಳಗೆ ಅಡಿವೆವ್ವ ಹಾಸಿಗೆಯಿಂದಲೇ ಪರದೆ ನೋಡಿ ಅಂಕಿ ಕೂಗುವುದು. ಅದು ಅವಳೇ ವಹಿಸಿಕೊಂಡ ಕೆಲಸ, ಬೇಡವೆಂದರೂ ಕೇಳಲಿಲ್ಲ. “ಒಂಬತ್ನೂರು… ಸಾವಿರದ ಎರಡನೂರು…” ಮೂರನೆಯ ಪ್ಲೇಟು ಮುಗಿಯಿತು. “ಹದಿನಾರನೂರು…” ನಾಲ್ಕನೆಯದು ಮುಗಿಯಿತು. ದನಿ ಬರಲಿಲ್ಲ.

“ಅಡಿವೆವ್ವಾ,” ಎಂದೆ. ಇಲ್ಲ. ತರನ್ನುಮ ತಿಕ್ಕುವ ಬಟ್ಟೆ ಹಿಡಿದವಳು ಹಾಗೇ ನಿಂತಳು. ನಾನು ಒದ್ದೆ ಏಣಿ ಇಳಿಯುವಾಗ ಎರಡು ಮೆಟ್ಟಿಲು ಜಾರಿ ಮೊಣಕಾಲು ತರಚಿತು, ಅದು ತಿಳಿದದ್ದು ಇವತ್ತು ಬೆಳಿಗ್ಗೆ.

ಅವಳು ಕಣ್ಣು ಮುಚ್ಚಿ ಮಲಗಿದ್ದಳು. ನಾನು ಹತ್ತಿರ ಕುಸಿದಾಗ ಕೈ ಮೆಲ್ಲಗೆ ಮೇಲೆ ಬಂತು, ಎರಡು ಬೆರಳು. ಹೋಗಿ ಬರುತ್ತೇನೆ ಎನ್ನುತ್ತಿದ್ದಾಳೆ ಎಂದುಕೊಂಡೆ. ಅವಳು ಕಣ್ಣು ತೆರೆದು ಸಿಟ್ಟಿನಿಂದ ಆ ಬೆರಳುಗಳನ್ನು ಪರದೆಯ ಕಡೆಗೆ ತಿರುಗಿಸಿದಳು.

2,060.

“ಉಸರ ಖರ್ಚ… ಮಾಡಬಾರದಂತ… ಬೆರಳ ತೋರ್ಸಿದ್ರ,” ಎಂದಳು, “ಹಿಂಗ ಅಳೂದೇನ್ರಿ.”

ಮೇ 17

ಅಡಿವೆವ್ವ 92. ಯೂನಿಟ್ ನಿನ್ನೆ ಹನ್ನೊಂದರ ಮೇಲೆ ಏನೋ ಇತ್ತು.

ಲೈನು ನಿನ್ನೆ ಸಂಜೆ ಬಂತು, ಇವತ್ತು ಬೆಳಿಗ್ಗೆ ಮತ್ತೆ ಹೋಗಿದೆ. ಕಂಪನಿಗೆ ಪತ್ರ ಬರೆದು ಅಡಿವೆವ್ವನಿಗೆ ಓದಿ ಹೇಳಿದೆ. ತಪ್ಪು ನನ್ನದು, ಪ್ಲೇಟಿನದಲ್ಲ. ತರನ್ನುಮ ಹೇಳಲು ಬಂದದ್ದನ್ನು ನಾನು ಕೇಳಲಿಲ್ಲ. ಅವಳನ್ನು ಮತ್ತೆ ಕೆಲಸಕ್ಕೆ ಕರೆಯಿರಿ.

“ಮುಗೀತಾ?” ಎಂದಳು. “ನಿಮ್ಮ ಪತ್ರ ಮೂರ ಸಾಲಿನ್ಯಾಗ ಮುಗದದ್ದ ಇದ ಮೊದಲ.”

ಈಗ ಮೂರು ಗಂಟೆ. ಪಡುವಣದಲ್ಲಿ ಮತ್ತೆ ಅದೇ ಸಾಣೆಕಲ್ಲಿನ ಬಣ್ಣ. ತರನ್ನುಮ ಫೋನಿನಲ್ಲಿ ಹೇಳಿದ್ದಾಳೆ: ಆಲಿಕಲ್ಲು ಬೀಳುವ ಹಾಗಿದ್ದರೆ ದಪ್ಪ ಕೌದಿ ಹೊದಿಸಿ ಹಗ್ಗದಿಂದ ಬಿಗಿಯಿರಿ. ಆದರೆ ಹೊದಿಸಿದ ಗಳಿಗೆಯಿಂದ ಕರೆಂಟಿಲ್ಲ. ಬೇಗ ಹೊದಿಸಿದರೆ ರಾತ್ರಿಗೆ ಬ್ಯಾಟರಿ ಸಾಲದು. ತಡಮಾಡಿದರೆ ಉಳಿದ ಐದೂ ಹೋಗಬಹುದು. ಅವಳು ಹೇಳಿದ್ದನ್ನೆಲ್ಲ ಕಾಗದದಲ್ಲಿ ಬರೆದುಕೊಂಡೆ, ಕೊನೆಯ ಮಾತಿನ ತನಕ. ಆದರೆ ಯಾವ ಗಳಿಗೆಗೆ ಹೊದಿಸಬೇಕು ಎಂಬುದು ಅವಳಿಗೂ ಅಲ್ಲಿಂದ ಕಾಣುವುದಿಲ್ಲ.

ಐದು ಕೌದಿಗಳನ್ನು ತಂದು ಇಟ್ಟೆ. ಎಲ್ಲ ಅಡಿವೆವ್ವ ಹೊಲಿದವು.

“ಹೊದಸಲೇನು?” ಎಂದು ಕೇಳಿದೆ.

ಅವಳು ಎದ್ದು ಬಾಗಿಲ ತನಕ ಬಂದಳು. ನಳಿಗೆ ಅಲ್ಲಿಗೆ ಮುಗಿಯುತ್ತದೆ. ಚೌಕಟ್ಟು ಹಿಡಿದು ನಿಂತು ಆಕಾಶ ನೋಡಿದಳು.

“ಬ್ಯಾಟರಿ ಎಷ್ಟೈತಿ?”

“ಐವತ್ತೆಂಟು.”

“ಇನ್ನೊಂದೀಟ ತಡೀರಿ. ಬೆಳಕೈತಿ… ಉಣ್ಣಲಿ ಅವು.”

ಒಂದೀಟು ಎಂದರೆ ಎಷ್ಟು ಎಂದು ಕೇಳಲಿಲ್ಲ. ಕೌದಿಗಳನ್ನು ತೊಡೆಯ ಮೇಲಿಟ್ಟುಕೊಂಡು ಏಣಿಯ ಬುಡದಲ್ಲಿ ಕೂತಿದ್ದೇನೆ, ಅವುಗಳ ಮೇಲೆ ಈ ನೋಟುಬುಕ್ಕು. ದೂರದಲ್ಲಿ ಒಂದು ಸಲ ಗುಡುಗಿತು. ಮೋಡದ ಅಂಚು ಆಚೆಯ ಓಣಿಯ ಮಾಳಿಗೆಗಳ ಮೇಲೆ ಬಂದಿದೆ. ಅವಳು ಮೋಡವನ್ನು ನೋಡುತ್ತಿದ್ದಾಳೆ. ನಾನು ಅವಳ ಬಾಯಿಯನ್ನು ನೋಡುತ್ತಿದ್ದೇನೆ.